ನಿಂಬೆಹಣ್ಣಿಗೆ ಹನ್ನೆರಡು ಮೈಲಿ

ಬೆಳಿಗ್ಗೆ ಎದ್ದಾಗ ಯಾವ ಕಾರಣವೂ ಇಲ್ಲದೆ ಮನಸ್ಸು ಮಂಕಾಗಿರುವುದು ನಿಮಗೆ ಗೊತ್ತೇ? ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ಹಾಲು ಒಡೆದಿಲ್ಲ, ಯಾರೂ ಒಂದು ಮಾತೂ ಆಡಿಲ್ಲ. ಆದರೂ ಒಗ್ಗರಣೆ ಸೌಟು ಹಿಡಿದು ನಿಂತಲ್ಲೇ ನಿಂತುಬಿಡುತ್ತೇವೆ. ಸಾಸಿವೆ ಸೀದು ಹೊಗೆ ಎದ್ದ ಮೇಲೇ ಎಚ್ಚರ. "ಯಾಕೆ, ಏನಾಯ್ತು?" ಎಂದು ಮನೆಯವರು ಕೇಳಿದರೆ "ಏನಿಲ್ಲ" ಎನ್ನುತ್ತೇವೆ. ಈ 'ಏನಿಲ್ಲ'ದಷ್ಟು ದೊಡ್ಡ ಸುಳ್ಳು ನಾವು ಹೆಂಗಸರು ಇನ್ನೊಂದು ಹೇಳುವುದಿಲ್ಲ ಬಿಡಿ.

ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ನನಗೂ ಹೀಗೇ ಆಯಿತು. ಎರಡು ಲೋಟ ಕಾಫಿ ಬೆರೆಸುವ ಕಡೆ ಮೂರು ಬೆರೆಸುತ್ತಿದ್ದೆ. ಮೂರನೆಯದನ್ನು ಏನು ಮಾಡುವುದೆಂದು ತೋಚದೆ ನಾನೇ ಕುಡಿಯುತ್ತಿದ್ದೆ. ಕುಡಿದು ಕುಡಿದು ರಾತ್ರಿ ನಿದ್ದೆಯೂ ಹೋಯಿತು. ಯಾರ ಹತ್ತಿರ ಹೇಳಿಕೊಳ್ಳಲಿ? "ಒಳ್ಳೆ ಅಳಿಯ, ಒಳ್ಳೆ ಮನೆ, ನಿಮಗೇನು ಕೊರತೆ?" ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತಲ್ಲ!

ನಮ್ಮ ಬೀದಿಯ ಕೊನೆಯಲ್ಲಿ ಚರ್ಚಿನ ಪಾದ್ರಿಗಳ ಮನೆ. ಅವರ ಹೆಂಡತಿ ಒಂದು ದಿನ ಕರಿಬೇವಿಗೆಂದು ಬಂದವರು ನನ್ನ ಮುಖ ನೋಡಿ, "ಯಾಕ್ರೀ, ಸೊರಗಿ ಹೋಗಿದೀರಿ?" ಎಂದರು. ನಾನು ಎಂದಿನಂತೆ "ಏನಿಲ್ಲ" ಎಂದೆ. ಅವರು ಮರುಮಾತಾಡದೆ ಹೋಗಿ, ಸಂಜೆಗೆ ಒಂದು ಹಳೆಯ ದಪ್ಪ ಪುಸ್ತಕ ತಂದು ಕೈಗಿಟ್ಟರು. "ಇವರೂ ಪಾದ್ರಿಗಳೇ. ಆದರೆ ನಮ್ಮನೆಯವರ ಹಾಗೆ ಅಲ್ಲ, ನಗಿಸ್ತಾರೆ. ಓದಿ ನೋಡಿ" ಎಂದರು. ಅಪ್ಪನ ಬಗ್ಗೆ ಮಗಳು ಬರೆದ ಪುಸ್ತಕ ಅದು. ಆಗ ನನ್ನ ಮನಸ್ಸಿಗೆ ಬೇಕಾಗಿದ್ದೂ ಅದೇ ಇರಬೇಕು.

ಆ ಪಾದ್ರಿಗಳ ಹೆಸರು ಸಿಡ್ನಿ ಸ್ಮಿತ್. ಹುಟ್ಟಿದ್ದು 1771ರಲ್ಲಿ, ಇಂಗ್ಲೆಂಡಿನಲ್ಲಿ. ಅವರಿಗೆ ಪಾದ್ರಿಯಾಗುವ ಆಸೆಯೇ ಇರಲಿಲ್ಲವಂತೆ. ವಕೀಲರಾಗಬೇಕೆಂದಿದ್ದರು. ಆದರೆ ಓದಿಸಲು ತಂದೆ ದುಡ್ಡು ಬಿಚ್ಚಲಿಲ್ಲ. ಸರಿ, ಹೊಟ್ಟೆಪಾಡಿಗೆ ಚರ್ಚು ಸೇರಿದರು. ಮೊದಲ ಕೆಲಸ 1794ರಲ್ಲಿ ನೆದರ್‌ಏವನ್ ಎಂಬ ಒಂದು ಕೊಂಪೆಯಲ್ಲಿ. ವಾರಕ್ಕೊಮ್ಮೆ ಪಟ್ಟಣದಿಂದ ಮಾಂಸದ ಗಾಡಿ ಬಂದರೆ ಬಂತು, ಇಲ್ಲದ ದಿನ ಬೇಯಿಸಿದ ಆಲೂಗೆಡ್ಡೆಯ ಮೇಲೆ ಚೂರು ಸಾಸ್ ಚಿಮುಕಿಸಿಕೊಂಡು ಊಟ. ಹುಡುಗ ಪಾದ್ರಿ ಸುಮ್ಮನೆ ಕೂರಲಿಲ್ಲ. ಊರಿನ ಬಡ ಮಕ್ಕಳಿಗೆ ಶಾಲೆ ನಡೆಸಿದರು.

ಮದುವೆಯಾದದ್ದು 1800ರಲ್ಲಿ, ಕ್ಯಾಥರೀನ್ ಎಂಬಾಕೆಯನ್ನು. ಹುಡುಗನಿಗೆ ಆಸ್ತಿಯಿಲ್ಲ, ಹುಡುಗಿಯ ಅಣ್ಣನಿಗೆ ಸುತರಾಂ ಇಷ್ಟವಿಲ್ಲ. ನಮ್ಮಲ್ಲಿ ನಡೆಯುವ ಕಥೆಯೇ! ಹೊಸ ಮನೆಗೆ ಬಂದ ಹೆಂಡತಿಯ ಮಡಿಲಿಗೆ ಸವೆದುಹೋದ ಆರು ಸಣ್ಣ ಬೆಳ್ಳಿ ಚಮಚಗಳನ್ನು ಹಾಕಿ, ತನ್ನ ಆಸ್ತಿಯೆಲ್ಲ ಇಷ್ಟೇ, ನೀನು ಭಾಗ್ಯವಂತೆ ಎಂದು ನಕ್ಕರಂತೆ. ಮನೆ ಹೂಡುವ ಖರ್ಚಿಗೆ ಆಕೆ ತಾಯಿ ಕೊಟ್ಟಿದ್ದ ಮುತ್ತಿನ ಸರವನ್ನೇ 500 ಪೌಂಡಿಗೆ ಮಾರಿದರು. ಎಷ್ಟೋ ವರ್ಷಗಳಾದ ಮೇಲೆ ಒಂದು ಆಭರಣದ ಅಂಗಡಿಯಲ್ಲಿ ಅದೇ ಸರ ಕಣ್ಣಿಗೆ ಬಿತ್ತು. ಬೆಲೆ ಕೇಳಿದರೆ, 1500 ಪೌಂಡು! ಇದನ್ನು ಓದಿದಾಗ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂದು ಜೊತೆ ಬಳೆಯ ನೆನಪು ನನಗೂ ಇದೆ. ನಿಮ್ಮಲ್ಲಿ ಎಷ್ಟು ಜನರಿಗಿದೆಯೋ!

ಮೊದಲ ಮಗಳು ಹುಟ್ಟಿದ್ದು 1802ರಲ್ಲಿ. ಇಂಗ್ಲೆಂಡಿನಲ್ಲಿ ಸ್ಮಿತ್ ಎಂಬ ಮನೆತನದ ಹೆಸರು ಬೀದಿಗೆ ಹತ್ತು ಸಿಗುತ್ತದೆ. ಆದ್ದರಿಂದ ಮಗುವಿಗಾದರೂ ಅಪರೂಪದ ಹೆಸರಿರಲಿ ಎಂದು ಬೈಬಲಿನ ಕೀರ್ತನೆಗಳಿಂದ ಹುಡುಕಿ 'ಸೇಬಾ' ಎಂದು ಇಟ್ಟರು. ಹುಟ್ಟಿ ಕೆಲವೇ ಗಂಟೆಗಳ ಕೂಸನ್ನು ದಾದಿಯ ಕಣ್ಣು ತಪ್ಪಿಸಿ, ತನ್ನ ನಿಲುವಂಗಿಯ ಜೇಬಿನಲ್ಲಿಟ್ಟುಕೊಂಡು ಗೆಳೆಯನಿಗೆ ತೋರಿಸಲು ಹೋದರಂತೆ ಈ ಮಹಾರಾಯರು! ಬಾಣಂತಿ ಕೋಣೆಗೆ ಗಂಡಸರ ನೆರಳೂ ಬೀಳಬಾರದೆನ್ನುತ್ತಿದ್ದ ನಮ್ಮ ಅಜ್ಜಿಯ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ಅದೇ ಸೇಬಾ ಬೆಳೆದು 1855ರಲ್ಲಿ ತಂದೆಯ ಚರಿತ್ರೆ ಬರೆದಳು. ನನ್ನ ಕೈಗೆ ಬಂದದ್ದು ಆ ಪುಸ್ತಕವೇ.

ಮಾತಿನಲ್ಲಿ ಸ್ಮಿತ್ ಗಟ್ಟಿಗರು. 1802ರಲ್ಲಿ ಗೆಳೆಯರೊಂದಿಗೆ ಸೇರಿ 'ಎಡಿನ್‌ಬರೋ ರಿವ್ಯೂ' ಎಂಬ ಪತ್ರಿಕೆ ಶುರುಮಾಡಿದರು. ಮುಂದೆ ಲಂಡನ್ನಿನಲ್ಲಿ ಅವರ ಉಪನ್ಯಾಸ ಎಂದರೆ ಬೀದಿಯಲ್ಲಿ ಗಾಡಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಊಟಕ್ಕೆ ಕರೆಯಲು ಜನ ಸರದಿ ನಿಲ್ಲುತ್ತಿದ್ದರು. ಅಂಥವರನ್ನು ಒಂದು ಕಾನೂನು ಯಾರ್ಕ್‌ಷೈರಿನ ಹಳ್ಳಿಗೆ ಎತ್ತಿ ಹಾಕಿತು. ಫಾಸ್ಟನ್ ಎಂಬ ಆ ಹಳ್ಳಿಯ ಚರ್ಚಿನ ವರಮಾನ ಅವರಿಗೆ ಸಿಗುತ್ತಿತ್ತು. ವರಮಾನ ತಿನ್ನುವ ಪಾದ್ರಿ ಆ ಸೀಮೆಯಲ್ಲೇ ವಾಸವಿರಬೇಕೆಂಬ ನಿಯಮವನ್ನು ಬಿಗಿ ಮಾಡಿದಾಗ, 1809ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟರು. ಸುಮಾರು 150 ವರ್ಷದಿಂದ ಯಾವ ಪಾದ್ರಿಯೂ ವಾಸ ಮಾಡದ ಊರು ಅದು. ಪಾದ್ರಿಮನೆ ಎಂದರೆ ಇಟ್ಟಿಗೆ ಹಾಸಿದ ಒಂದು ಅಡಿಗೆಮನೆ, ಅದರ ಮೇಲೊಂದು ಕೋಣೆ. ನಿಂಬೆಹಣ್ಣು ಬೇಕೆಂದರೂ ಹನ್ನೆರಡು ಮೈಲಿ ಹೋಗಬೇಕಾದ ಜಾಗ ಎಂದು ಗೆಳೆಯರಿಗೆ ಹೇಳಿಕೊಂಡು ನಗುತ್ತಿದ್ದರು.

ವರ್ಗವಾಗಿ ಗುರುತು ಪರಿಚಯವಿಲ್ಲದ ಊರಿಗೆ ಹೋದ ನನ್ನ ಅಕ್ಕತಂಗಿಯರಿಗೆ ಈ ಮಾತಿನ ರುಚಿ ಚೆನ್ನಾಗಿ ಗೊತ್ತಾಗುತ್ತದೆ. ಕೊತ್ತಂಬರಿ ಸೊಪ್ಪು ಸಿಗದ ಊರು, ಕಾಫಿಪುಡಿ ಸಿಗದ ಊರು, ಕನ್ನಡ ಪೇಪರು ಎರಡು ದಿನ ತಡವಾಗಿ ಬರುವ ಊರು, ಇವೆಲ್ಲ ನಮ್ಮ ನಮ್ಮ ಫಾಸ್ಟನ್‌ಗಳೇ ತಾನೇ?

ಅಲ್ಲಿ ಅವರು ಮನೆ ಕಟ್ಟಿದ ಕಥೆ ಒಂದು ಹರಿಕಥೆಯಷ್ಟಿದೆ. ದೊಡ್ಡ ಮನುಷ್ಯರ ಸಲಹೆಯಂತೆ ಸಾಮಾನು ಸಾಗಿಸಲು ನಾಲ್ಕು ಎತ್ತು ಕೊಂಡರು. ಟಗ್, ಲಗ್, ಹಾಲ್, ಕ್ರಾಲ್ ಎಂದು ಹೆಸರಿಟ್ಟರು. ಎಳೆ, ಜಗ್ಗು, ಸೆಳೆ, ತೆವಳು ಎಂದು ನಾವು ಇಟ್ಟಂತೆ. ಅವುಗಳಲ್ಲಿ ಎರಡು ಮಾತೆತ್ತಿದರೆ ಮೂರ್ಛೆ ಹೋಗುತ್ತಿದ್ದವು, ಉಳಿದೆರಡು ಕೆಸರಿನಲ್ಲಿ ಮಲಗಿಬಿಡುತ್ತಿದ್ದವು. ಕೊನೆಗೆ ದೊಡ್ಡ ಮನುಷ್ಯರನ್ನು ಬಿಟ್ಟು ರೈತರ ಮಾತು ಕೇಳಿ ಎತ್ತು ಮಾರಿ ಕುದುರೆ ಕಟ್ಟಿದರು. ಮೊದಲೇ ಹಾಗೆ ಮಾಡಬೇಕಾಗಿತ್ತು ಎಂದು ತಾವೇ ಒಪ್ಪಿಕೊಂಡರು. 1814ರ ಮಾರ್ಚಿನಲ್ಲಿ ಗೃಹಪ್ರವೇಶ.

ಆಳು ಇಡಲು ದುಡ್ಡು ಸಾಲದು. ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಪುಟ್ಟ ಹುಡುಗಿ ಇದ್ದಳು, ಮೈಲಿಗಲ್ಲಿನಂತೆ ಗುಂಡುಗುಂಡಾಗಿ. ಅವಳಿಗೆ 'ಬಂಚ್' ಎಂದು ಹೆಸರಿಟ್ಟು, ಕೈಗೊಂದು ಕರವಸ್ತ್ರ ಕೊಟ್ಟು, ಬಡಿಸುವ ಕೆಲಸಕ್ಕೆ ನಿಲ್ಲಿಸಿದರು. ಹೆಣ್ಣುಮಕ್ಕಳು ಅವಳಿಗೆ ಓದು ಕಲಿಸಿದರು, ಹೆಂಡತಿ ಬಡಿಸುವುದನ್ನು ಕಲಿಸಿದಳು. ಬಂದವರ ಮುಂದೆ ಸ್ಮಿತ್ ಅವಳನ್ನು ನಿಲ್ಲಿಸಿ, ನಿನ್ನ ತಪ್ಪುಗಳನ್ನು ಹೇಳಮ್ಮ ಎನ್ನುತ್ತಿದ್ದರು. ಅವಳು ಮಗ್ಗಿ ಒಪ್ಪಿಸಿದ ಹಾಗೆ, ಊಟ ಮುಗಿಯುವ ಮೊದಲೇ ತಟ್ಟೆ ಕಿತ್ತುಕೊಳ್ಳುವುದು, ಸಾರು ಚೆಲ್ಲುವುದು, ಬಾಗಿಲು ಧಡಾರನೆ ಹಾಕುವುದು, ಬಾಯಿ ಬಿಟ್ಟುಕೊಂಡು ನೊಣ ಹಿಡಿಯುವುದು ಎಂದು ಗಂಭೀರವಾಗಿ ಹೇಳುತ್ತಿದ್ದಳು.

ಇದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಾಲ್ಕು ಜನರೆದುರು ಕೆಲಸದ ಹುಡುಗಿಯಿಂದ ತಪ್ಪು ಹೇಳಿಸುವುದು ನಗುವ ವಿಷಯವೇ? ಪಾದ್ರಿಗಳ ಹೆಂಡತಿಯನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ನಾವು ಬೆನ್ನ ಹಿಂದೆ ಹೇಳ್ತೀವಿ, ಅವರು ಮುಂದೆ ಹೇಳಿಸ್ತಿದ್ರು. ಓದೂ ಕಲಿಸಿದ್ರಲ್ಲ, ನಾವು ಯಾರಿಗೆ ಕಲಿಸಿದೀವಿ?" ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ಊರಿಗೆ ವೈದ್ಯರೂ ಅವರೇ. ಎಡಿನ್‌ಬರೋದಲ್ಲಿದ್ದಾಗ ಸ್ವಲ್ಪ ವೈದ್ಯ ಕಲಿತಿದ್ದರು. ಮನೆಯಲ್ಲೇ ಔಷಧದ ಸೀಸೆಗಳ ಸಾಲು. ಒಂದೊಂದಕ್ಕೂ ತಮಾಷೆಯ ಹೆಸರು. ಮೆಲ್ಲಗೆ ತಳ್ಳುವುದು ಒಂದು, ನಾಯಿಯಂತೆ ಹಿಡಿದು ಬಿಡದೆ ಕೆಲಸ ಮಾಡುವುದು ಇನ್ನೊಂದು, ಮುದುಕಿಯರ ಹೃದಯಾನಂದ ಮತ್ತೊಂದು. ದನಕುರಿಗಳು ಬೇಲಿಗೆ ಮೈ ತಿಕ್ಕಿ ಹಾಳು ಮಾಡುತ್ತವೆಂದು, ಒಂದು ಎತ್ತರದ ಒಂದು ಗಿಡ್ಡದ ಗೂಟದ ಮೇಲೆ ಓರೆಯಾಗಿ ಕಂಬ ಹಾಕಿಸಿದರು. ಕುರಿಮರಿಯಿಂದ ಕುದುರೆಯವರೆಗೆ ಯಾರು ಬೇಕಾದರೂ ತಮ್ಮ ತಮ್ಮ ಎತ್ತರಕ್ಕೆ ತಕ್ಕಂತೆ ಬೆನ್ನು ತುರಿಸಿಕೊಳ್ಳಬಹುದು!

ಇದೆಲ್ಲ ನಗುವ ಮಾತಾಯಿತು. 1816ರಲ್ಲಿ ನಗು ನಿಂತುಹೋಗುವ ಕಾಲ ಬಂತು. ಹಿಂದಿನ ವರ್ಷ ಜಾವಾದ ಪೂರ್ವಕ್ಕೆ ತಂಬೋರಾ ಎಂಬ ಜ್ವಾಲಾಮುಖಿ ಸಿಡಿದು, ಅದರ ಮಬ್ಬು ಭೂಮಿಯನ್ನೆಲ್ಲ ಕವಿದು, ಯುರೋಪಿನಲ್ಲಿ ಆ ವರ್ಷ ಬೇಸಗೆಯೇ ಬರಲಿಲ್ಲ. ಫಾಸ್ಟನ್‌ನಲ್ಲಿ ಗೋಧಿ ತೆನೆಯಲ್ಲೇ ಮೊಳಕೆಯೊಡೆಯಿತು. ಆ ಹಿಟ್ಟಿನಿಂದ ಬ್ರೆಡ್ಡು ಉಬ್ಬುವುದಿಲ್ಲ. ಪಾದ್ರಿಮನೆಯವರೂ ಒಲೆಯ ಮೇಲೆ ಸುಟ್ಟ ತೆಳ್ಳನೆಯ ರೊಟ್ಟಿಯನ್ನೇ ತಿಂದರು. ಹಸಿವಿನ ಹಿಂದೆಯೇ ಜ್ವರ ಬಂತು. ಮನೆಮನೆಗೆ ಔಷಧ ಕೊಡುತ್ತಾ ಓಡಾಡಿದರು. ಚರ್ಚಿನ ಜಮೀನಿನಲ್ಲಿ ಸಣ್ಣ ಸಣ್ಣ ತುಂಡು ಮಾಡಿ, ತೀರ ಕಡಿಮೆ ಗುತ್ತಿಗೆಗೆ, ತರಕಾರಿ ಬೆಳೆದುಕೊಳ್ಳಲು ಬಡವರಿಗೆ ಹಂಚಿದವರೂ ಅವರೇ.

ಇಂಥವರು ಬರೆದ ಒಂದು ಕಾಗದದಿಂದಾಗಿಯೇ ನಾನು ನಿಮಗೆ ಇಷ್ಟೆಲ್ಲ ಹೇಳುತ್ತಿರುವುದು. ನೆರೆಯ ಕ್ಯಾಸಲ್ ಹೋವರ್ಡ್ ಎಂಬ ಅರಮನೆಯಂಥ ಮನೆಯ ಸೊಸೆ ಲೇಡಿ ಜಾರ್ಜಿಯಾನ ಮಾರ್ಪೆತ್. ಡ್ಯೂಕನ ಮಗಳು, ಹನ್ನೆರಡು ಮಕ್ಕಳ ತಾಯಿ, ಆಳುಕಾಳು, ಗಾಡಿ, ಕುದುರೆ, ಎಲ್ಲ ಇತ್ತು. ಮನಸ್ಸಿಗೆ ಮಾತ್ರ ಮಂಕು. ಆಕೆಗೆ 1820ರ ಫೆಬ್ರವರಿ 16ರಂದು ಸ್ಮಿತ್ ಒಂದು ಪತ್ರ ಬರೆದರು. ಪಾದ್ರಿಗಳಲ್ಲವೇ, ದೇವರ ಪ್ರಾರ್ಥನೆ ಮಾಡಮ್ಮ, ಎಲ್ಲ ಸರಿಹೋಗುತ್ತೆ ಎಂದು ಬರೆದಿರುತ್ತಾರೆ ಅಂದುಕೊಂಡೆ. ಇಲ್ಲ! ಮನಸ್ಸು ಕುಗ್ಗಿ ನನ್ನಷ್ಟು ಒದ್ದಾಡಿದವರು ಯಾರೂ ಇಲ್ಲ, ಆದ್ದರಿಂದ ನಿನ್ನ ಕಷ್ಟ ನನಗೆ ತಿಳಿಯುತ್ತದೆ ಎಂದು ಪ್ರಾರಂಭ. ಊರೆಲ್ಲ ನಗಿಸಿದ ಮನುಷ್ಯನ ಮಾತು ಇದು. ಆಮೇಲೆ ಇಪ್ಪತ್ತು ಸಲಹೆಗಳು. ಪ್ರಾರ್ಥನೆ, ಧರ್ಮದ ಮಾತು ಬರುವುದು ಹತ್ತೊಂಬತ್ತನೆಯದಾಗಿ.

ಸ್ನಾನಕ್ಕೆ ಸ್ವಲ್ಪವೇ ಚಳಿ ಎನಿಸುವಷ್ಟು ತಣ್ಣನೆಯ ನೀರು ಹಾಕಿಕೊ ಎನ್ನುವುದು ಮೊದಮೊದಲ ಸಲಹೆಗಳಲ್ಲಿ ಒಂದು. ಎಷ್ಟು ತಣ್ಣಗೆ ಎಂದು ಡಿಗ್ರಿ ಲೆಕ್ಕ ಕೂಡ ಕೊಟ್ಟಿದ್ದಾರೆ, 75ರಿಂದ 80 ಫ್ಯಾರನ್‌ಹೀಟ್. ನಮ್ಮ ನಲ್ಲಿ ನೀರು ವರ್ಷದ ಹೆಚ್ಚು ದಿನ ಅಷ್ಟೇ ಇರುತ್ತದೆ ಎನ್ನಿ. ನಗಿಸುವ ಪುಸ್ತಕ ಓದು. ಕೈತುಂಬ ಕೆಲಸ ಇಟ್ಟುಕೊ. ದಣಿಯದಷ್ಟು ಹೊತ್ತು ಬಯಲಿನ ಗಾಳಿಯಲ್ಲಿ ತಿರುಗಾಡು. ದಿನಾ ಕೂರುವ ಕೋಣೆಯನ್ನು ಕಣ್ಣಿಗೆ ಹಿತವಾಗುವಂತೆ ಇಟ್ಟುಕೊ. ಟೀ, ಕಾಫಿ ನಿನ್ನ ಮೇಲೆ ಏನು ಮಾಡುತ್ತದೆಂದು ಗಮನಿಸು. ಇದನ್ನು ಓದಿ ನನ್ನ ಮೂರನೆಯ ಲೋಟದ ನೆನಪಾಗಿ ನಾಚಿಕೆಯಾಯಿತು.

ಅಷ್ಟೇ ಆಗಿದ್ದರೆ ನಮ್ಮ ಅತ್ತೆಯವರೂ ಹೇಳುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರು ಮಾತು. ಒಂದು, ಬದುಕನ್ನು ಬಹಳ ದೂರದವರೆಗೆ ನೋಡಬೇಡ, ಮುಂದಿನ ಊಟದವರೆಗೆ, ಇಲ್ಲವೇ ಮುಂದಿನ ಟೀವರೆಗೆ ನೋಡಿದರೆ ಸಾಕು ಎಂಬುದು. ಮಗಳು ಬರುವ ದೀಪಾವಳಿಗೆ ಬರುತ್ತಾಳೋ ಇಲ್ಲವೋ, ನಾಳೆ ಹೆರಿಗೆ ಎಲ್ಲಿ, ನಾಡಿದ್ದು ಅವರು ಪರದೇಶಕ್ಕೆ ಹೋಗಿಬಿಟ್ಟರೆ, ಹೀಗೆ ಹತ್ತು ವರ್ಷದಾಚೆಗೆ ಕಣ್ಣು ನೆಟ್ಟು ಕೂತಿದ್ದ ನನಗೆ, ಮಧ್ಯಾಹ್ನಕ್ಕೆ ಹುಳಿಯೋ ಮಜ್ಜಿಗೆಹುಳಿಯೋ ಎಂಬಷ್ಟು ಯೋಚನೆ ಸಾಕು ಎಂದು ಒಬ್ಬ ಪಾದ್ರಿ ಇನ್ನೂರು ವರ್ಷದ ಹಿಂದಿನಿಂದ ಹೇಳಿದಂತಾಯಿತು. ಇನ್ನೊಂದು, ನಿನ್ನನ್ನು ನೀನು ಕೀಳಾಗಿ ಕಾಣಬೇಡ, ನಿನಗೂ ನ್ಯಾಯ ಸಲ್ಲಿಸು ಎಂಬುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮನಸ್ಸು ಕುಗ್ಗಿದ್ದನ್ನು ಗೆಳೆಯರಿಂದ ಮುಚ್ಚಿಡಬೇಡ, ಬಾಯಿಬಿಟ್ಟು ಹೇಳು, ಮರ್ಯಾದೆಗೆಂದು ಬಚ್ಚಿಟ್ಟಷ್ಟೂ ಅದು ಹೆಚ್ಚುತ್ತದೆ. ನಮ್ಮ 'ಏನಿಲ್ಲ'ಕ್ಕೆ ಸರಿಯಾಗಿ ಪೆಟ್ಟು!

ಒಂದು ಸಲಹೆಗೆ ಮಾತ್ರ ನನ್ನ ತಕರಾರಿದೆ. ಮನಸ್ಸು ಸರಿಯಿಲ್ಲದಾಗ ಕವಿತೆ, ಸಂಗೀತ, ದುಃಖದ ಕಾದಂಬರಿ ಎಲ್ಲ ಬಿಡಬೇಕಂತೆ. ಕಾದಂಬರಿ ಬೇಕಾದರೆ ಬಿಟ್ಟೇನು. ಸಂಜೆ ದೀಪ ಹಚ್ಚಿ ಒಂದು ದೇವರನಾಮ ಹೇಳಿಕೊಳ್ಳದೆ ಹೇಗಿರುವುದು ಹೇಳಿ? ಚೆನ್ನಾಗಿ ಉರಿಯುವ ಬೆಂಕಿ ಕಾಯಿಸಿಕೋ ಎಂಬುದನ್ನೂ ನಾನು ಬಿಟ್ಟೆ. ನಮಗೆ ಅಡಿಗೆಮನೆಯ ಉರಿಯೇ ಬೇಕಾದಷ್ಟಿದೆ. ಮತ್ತೆ, ವಾರಗಟ್ಟಲೆ ನಿದ್ದೆ ಊಟ ಸೇರದೆ, ಬದುಕೇ ಬೇಡ ಎನಿಸುವಷ್ಟಾದರೆ ಯಾವ ಪಾದ್ರಿಯ ಪತ್ರವನ್ನೂ ನಂಬಿ ಕೂರಬೇಡಿ. ಇಂದು ಇದಕ್ಕೆ ವೈದ್ಯರಿದ್ದಾರೆ, ಔಷಧವಿದೆ. ಅವರ ಹತ್ತಿರ ಹೋಗುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ಹೆಣ್ಣುಮಕ್ಕಳ ಓದಿನ ಬಗ್ಗೆ 1810ರಲ್ಲೇ ಅವರು ಬರೆದಿದ್ದರು. ಚಿಕ್ಕಂದಿನಲ್ಲಿ ಮಣ್ಣಾಟ ಆಡುವಾಗ ಗಂಡು ಹೆಣ್ಣು ಮಕ್ಕಳ ಬುದ್ಧಿಯಲ್ಲಿ ಏನು ವ್ಯತ್ಯಾಸ ಕಂಡಿರಿ, ಆಮೇಲೆ ಒಬ್ಬರಿಗೆ ಒಂದು ಕಲಿಸಿ ಇನ್ನೊಬ್ಬರಿಗೆ ಇನ್ನೊಂದು ಕಲಿಸಿ ನಾವೇ ವ್ಯತ್ಯಾಸ ಮಾಡಿದ್ದಲ್ಲವೇ ಎಂದು ವಾದ. ಓದಿದ ತಾಯಿ ಬೀಜಗಣಿತದ ಲೆಕ್ಕಕ್ಕಾಗಿ ಕೂಸನ್ನು ಬಿಟ್ಟು ಓಡುತ್ತಾಳೆಯೇ ಎಂದು ಹಂಗಿಸಿದರು. ಯೌವನ, ಚೆಲುವು ಎಲ್ಲ ಹೋದ ಮೇಲೂ ಹೆಂಗಸಿಗೆ ಒಳಗೊಂದು ಆಸರೆ ಬೇಕು, ಅದು ಓದು ಎಂದರು. ಮಕ್ಕಳು ಹಾರಿಹೋದ ಮನೆಯಲ್ಲಿ ಕೂತು ಓದಿದರೆ ಈ ಮಾತಿನ ತೂಕ ಬೇರೆ.

ಹಾಗೆಂದು ಅವರೇನು ದೇವರಲ್ಲ. 1808-09ರ ಲೇಖನಗಳಲ್ಲಿ ಭಾರತಕ್ಕೆ ಬಂದ ಮಿಷನರಿಗಳನ್ನು, ಬೂಟು ಹೊಲಿಯುವವರು ಧರ್ಮ ಹೇಳಲು ಹೊರಟಿದ್ದಾರೆ ಎಂಬಂತೆ ಗೇಲಿ ಮಾಡಿದರು. ಹಾಗೆ ಬೂಟು ಹೊಲಿದು ಮೇಲೆ ಬಂದ ವಿಲಿಯಂ ಕೇರಿಯವರೇ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ನಮ್ಮ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. ನಗುವವನ ನಾಲಿಗೆಯೂ ಒಮ್ಮೊಮ್ಮೆ ಜಾರುತ್ತದೆ.

1829ರ ಏಪ್ರಿಲಿನಲ್ಲಿ ಅವರ ಹಿರಿಯ ಮಗ ಡಗ್ಲಾಸ್ ತೀರಿಕೊಂಡ. 24 ವರ್ಷದ ಹುಡುಗ. ಇದರ ಬಗ್ಗೆ ಪುಸ್ತಕದಲ್ಲಿ ಹೆಚ್ಚಿಲ್ಲ. ಅಕ್ಕ ಹೆಚ್ಚು ಬರೆಯಲಾರದೆ ಹೋದಳೋ ಏನೋ. ಅದೇ ವರ್ಷ ಅವರು ಫಾಸ್ಟನ್ ಬಿಟ್ಟು ಸಾಮರ್‌ಸೆಟ್‌ನ ಕೂಂಬ್ ಫ್ಲೋರಿಗೆ ಹೋದರು. ಅಲ್ಲಿ ಮತ್ತೆ ಮನೆ ರಿಪೇರಿ, ಮತ್ತೆ ಔಷಧದ ಸೀಸೆ, ಮತ್ತೆ ಅತಿಥಿಗಳು. ಲಂಡನ್ನಿನ ಅತಿಥಿಗಳಿಗೆ ಬೆರಗಾಗಲೆಂದು ತೋಟದ ಗಿಡಗಳಿಗೆ ಕಿತ್ತಲೆಹಣ್ಣು ಕಟ್ಟಿಸಿದರು. ನಿಮ್ಮಲ್ಲಿ ಜಿಂಕೆಗಳಿಲ್ಲವಲ್ಲ ಎಂದು ಒಬ್ಬಾಕೆ ಕೊರಗಿದ್ದಕ್ಕೆ ಕತ್ತೆಗಳ ತಲೆಗೆ ಕೊಂಬು ಕಟ್ಟಿಸಿದರು! ಮಗನನ್ನು ಕಳೆದುಕೊಂಡ ಮನುಷ್ಯ ಕತ್ತೆಗೆ ಕೊಂಬು ಕಟ್ಟುತ್ತಾನೆಂದರೆ ಕೆಲವರಿಗೆ ವಿಚಿತ್ರ ಎನಿಸಬಹುದು. ನನಗೆ ಹಾಗನಿಸಲಿಲ್ಲ. 1831ರಲ್ಲಿ ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ದೊಡ್ಡ ಹುದ್ದೆ ಸಿಕ್ಕಿತು. 1845ರಲ್ಲಿ ತೀರಿಕೊಂಡರು. ಕೊನೆಯ ಕಾಯಿಲೆಯಲ್ಲಿ ಔಷಧದ ಬದಲು ತಪ್ಪಿ ಶಾಯಿ ಕುಡಿಸಿದ್ದೇವೆ ಎಂದು ಯಾರೋ ಗಾಬರಿಯಾದಾಗ, ಹಾಗಾದರೆ ಮನೆಯಲ್ಲಿರುವ ಒತ್ತುಕಾಗದವನ್ನೆಲ್ಲ ತನ್ನಿ ಎಂದರಂತೆ.

ಇನ್ನು ಅವರ ಸಲಾಡಿನ ವಿಷಯ. ಅದನ್ನು ಪದ್ಯದಲ್ಲೇ ಬರೆದಿಟ್ಟಿದ್ದಾರೆ. ನಾನು ನಿಮಗೆ ಗದ್ಯದಲ್ಲಿ ಹೇಳುತ್ತೇನೆ. ಎರಡು ಆಲೂಗೆಡ್ಡೆ ಬೇಯಿಸಿ ಜರಡಿಯಲ್ಲಿ ನುಣ್ಣಗೆ ಉಜ್ಜಿ ತೆಗೆಯಬೇಕು. ಗಟ್ಟಿಯಾಗಿ ಬೇಯಿಸಿದ ಎರಡು ಮೊಟ್ಟೆಯ ಹಳದಿ ಭಾಗವನ್ನು ಅರೆದು ಸೇರಿಸಬೇಕು. ಅರೆದ ಸಾಸಿವೆ ಒಂದು ಚಮಚ, ಉಪ್ಪು ಅದರ ಎರಡರಷ್ಟು (ಇದು ನನಗೆ ವಿಪರೀತ ಎನಿಸಿತು, ಕಾಲು ಚಮಚ ಹಾಕಿದೆ), ಆಲಿವ್ ಎಣ್ಣೆ ನಾಲ್ಕು ಚಮಚ, ವಿನಿಗರ್ ಎರಡು ಚಮಚ. ಈರುಳ್ಳಿ ಇದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಮಾತ್ರ. ಕೊನೆಗೆ ಒಂದು ಬಗೆಯ ಸಣ್ಣ ಮೀನಿನ ಸಾಸ್ ಒಂದು ಚಮಚ. ಇದನ್ನೆಲ್ಲ ಕಲಸಿ ಹಸಿ ಸೊಪ್ಪಿನ ಮೇಲೆ ಹಾಕಬೇಕು. ನಮ್ಮದು ಸಸ್ಯಾಹಾರಿ ಮನೆ. ಮೀನು ಬಿಟ್ಟೆ, ಮೊಟ್ಟೆಗೆ ಬದಲು ಎರಡು ಚಮಚ ಗಟ್ಟಿ ಮೊಸರು ಹಾಕಿದೆ, ಎಣ್ಣೆ ಎರಡೇ ಚಮಚ. ಸೌತೆಕಾಯಿ, ಎಳೆ ಮೂಲಂಗಿ, ಲೆಟ್ಯೂಸ್ ಸೊಪ್ಪಿಗೆ ಚೆನ್ನಾಗಿ ಹೊಂದಿತು. ವಿನಿಗರ್ ಇರಲಿಲ್ಲ. ಹಿತ್ತಿಲ ಗಿಡದಿಂದ ನಿಂಬೆಹಣ್ಣು ಕಿತ್ತು ಹಿಂಡಿದೆ. ಹನ್ನೆರಡು ಮೈಲಿ ಅಲ್ಲ, ಹನ್ನೆರಡು ಹೆಜ್ಜೆ.

ಒಂದು ಬಟ್ಟಲು ತುಂಬಿಕೊಂಡು, ಪುಸ್ತಕವನ್ನೂ ಹಿಡಿದು ಪಾದ್ರಿಗಳ ಮನೆಗೆ ಹೋದೆ. ಅವರ ಹೆಂಡತಿ ಬಟ್ಟಲು ಇಸಿದುಕೊಂಡು, "ಈಗ ಹೇಗಿದೀರಿ?" ಎಂದು ಕೇಳಿದರು. 'ಏನಿಲ್ಲ' ಎನ್ನುವುದು ಬಾಯಿಗೆ ಬಂದೇ ಬಂತು. ನುಂಗಿಕೊಂಡು, "ಕೂತ್ಕೊಳ್ರೀ, ಹೇಳ್ತೀನಿ" ಎಂದೆ. ಅವರು ಒಲೆ ಆರಿಸಿ ಬಂದು ಕೂತರು.